ಬಡಿಸುವವರಿಗೂ ಊಟದ ಹೊತ್ತಿದೆ

ಸಖರಾಯಪಟ್ಟಣದ ಕಡೆ ಅಯ್ಯನಕೆರೆ ನೀರು ಹರಿಯುವಲ್ಲಿ ಭತ್ತ, ಮಳೆ ನಂಬಿದ ಹೊಲದಲ್ಲಿ ರಾಗಿ. ಹಾಗಾಗಿ ತಟ್ಟೆಯಲ್ಲಿ ಮುದ್ದೆಯೂ ಉಂಟು, ಅನ್ನವೂ ಉಂಟು. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಪಕ್ಕದಲ್ಲೇ ಒಂದು ಡಬ್ಬಿ ಮೆಂತ್ಯದ ಪುಡಿ!

ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ನುಂಗಿ, ‘ಇವತ್ತಿನದು ಆಯ್ತು’ ಅಂತ ಮಧ್ಯಾಹ್ನ ಎರಡು ಮುದ್ದೆ, ಮೇಲಿಷ್ಟು ಅನ್ನ ಉಣ್ಣುತ್ತೀರಾ? ಹಾಗಿದ್ದರೆ ಸ್ವಲ್ಪ ಯೋಚಿಸಿ. ಮೆಂತ್ಯದ ನಾರು ನೀರು ಸೇರಿದರೆ ಲೋಳೆಯಾಗುತ್ತದೆ. ಅದು ಊಟದ ಜೊತೆ ಬೆರೆತಾಗಲೇ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವುದು. 1990ರಲ್ಲಿ ಪ್ರಕಟವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಧ್ಯಯನದಲ್ಲೂ ಮೆಂತ್ಯವನ್ನು ಮಧ್ಯಾಹ್ನ, ರಾತ್ರಿ ಊಟದಲ್ಲೇ ಬೆರೆಸಿ ಕೊಟ್ಟಿದ್ದರು. ಅದೂ ಕೊಬ್ಬು ತೆಗೆದ ಪುಡಿ, ದಿನಕ್ಕೆ 100 ಗ್ರಾಂ! ನೀವು ಅಷ್ಟು ತಿನ್ನಲು ಹೋಗಬೇಡಿ. ಒಂದು ಚಮಚದಿಂದ ಪವಾಡವನ್ನೂ ಬಯಸಬೇಡಿ. ಲೋಳೆಯಿಂದ ಮಾತ್ರೆ ಹಿಡಿಯುವುದು ತಡವಾಗಬಹುದು, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮೆಂತ್ಯ ತಗೊಳ್ಳುವ ವಿಷಯ ಡಾಕ್ಟರಿಗೂ ಹೇಳಿ.

ಪುಡಿಗಿಂತ ಸುಲಭದ ಉಪಾಯವೊಂದಿದೆ. ಮೊದಲು ಪಲ್ಯ, ಕೋಸಂಬರಿ, ಕಾಳು ತಿನ್ನಿ. ಮುದ್ದೆ, ಅನ್ನ ಆಮೇಲೆ. 2015ರಲ್ಲಿ ನ್ಯೂಯಾರ್ಕಿನಲ್ಲಿ 11 ಜನರ ಪುಟ್ಟ ಅಧ್ಯಯನವೊಂದು ನಡೆಯಿತು. ತರಕಾರಿ, ಕೋಳಿಮಾಂಸ ಮೊದಲು ತಿಂದು ಬ್ರೆಡ್ ಕೊನೆಗೆ ತಿಂದ ದಿನ, ಒಂದು ಗಂಟೆಯ ನಂತರದ ಶುಗರ್ ಸುಮಾರು ಶೇ. 37ರಷ್ಟು ಕಡಿಮೆ ಇತ್ತು. ಊಟ ಅದೇ, ಬದಲಾಗಿದ್ದು ಸರದಿ ಅಷ್ಟೇ. ಹಾಗಂತ ಮೂರನೇ ಮುದ್ದೆಗೆ ಇದು ಪರವಾನಗಿ ಅಲ್ಲ. ರಾಗಿಯಲ್ಲೂ ಪಿಷ್ಟ ಇದ್ದೇ ಇದೆ.

ಈಗ ನಿಜವಾದ ಅಪಾಯದ ಮಾತು. ಶುಗರಿನ ಕೆಲವು ಮಾತ್ರೆಗಳನ್ನು ಊಟಕ್ಕೆ ಸ್ವಲ್ಪ ಮುಂಚೆ ತಗೊಳ್ಳಬೇಕು, ಕೆಲವನ್ನು ಊಟದ ಜೊತೆ. ನಾವೇನು ಮಾಡುತ್ತೇವೆ? ಒಂದು ಗಂಟೆಗೆ ಮಾತ್ರೆ ನುಂಗುತ್ತೇವೆ. ಮನೆಯವರು, ಮಕ್ಕಳು, ಅತ್ತೆ-ಮಾವ, ಬಂದ ನೆಂಟರು ಎಲ್ಲರಿಗೂ ಬಡಿಸಿ ನಮ್ಮ ತಟ್ಟೆ ಹಿಡಿಯುವಾಗ ಮೂರು ಗಂಟೆ! ಅಷ್ಟರಲ್ಲಿ ಬೆವರು, ಕೈ ನಡುಕ, ಕಣ್ಣು ಮಂಜು. ಅದು ಸುಸ್ತಲ್ಲ, ಶುಗರ್ ಇಳಿದಿರಬಹುದು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಸುಧಾರಿಸಿದ ಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಬ್ಬವಿರಲಿ, ಜಾತ್ರೆಯಿರಲಿ, ತಟ್ಟೆ ಮುಂದೆ ಬಂದ ಮೇಲಷ್ಟೇ ಮಾತ್ರೆಯ ಯೋಚನೆ ಮಾಡಿ. ನಿಮ್ಮ ಮಾತ್ರೆ ಊಟಕ್ಕೆ ಎಷ್ಟು ಮುಂಚೆ ಅಂತ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಮನೆಯವರಿಗೆ ನಗುತ್ತಲೇ ಹೇಳಿ: ‘ಇವತ್ತು ಎಲ್ಲರೂ ಒಟ್ಟಿಗೇ ಕೂರೋಣ.’ ಬೇಡ ಅನ್ನುವವರು ಯಾರಿದ್ದಾರೆ?