ಮೀನಿನ ಕಿವಿಗಲ್ಲು

ಮೀನಿನ ತಲೆ ಸಾರು ಮಾಡಿದ ದಿನ ತಟ್ಟೆಯಲ್ಲಿ ಬಿಳಿ ಹರಳಿನಂಥದ್ದು ಉಳಿದದ್ದನ್ನು ನೀವು ನೋಡಿರಬಹುದು. ರಾಜಘಟ್ಟದ ಏಳನೇ ತರಗತಿಯ ಹುಡುಗಿಯೊಬ್ಬಳು ಅಂಥ ಎರಡು ಹರಳುಗಳನ್ನು ಕಾಗದದಲ್ಲಿ ಸುತ್ತಿ ತಂದು, "ಇದೇನು ಸರ್?" ಎಂದಳು. "ಮೂಳೆ ಇರಬೇಕು, ಬಿಸಾಡಮ್ಮ" ಎಂದುಬಿಟ್ಟೆ. ರಾತ್ರಿ ಪುಸ್ತಕ ತೆರೆದಾಗ ನನ್ನ ಉತ್ತರಕ್ಕೆ ನನಗೇ ನಾಚಿಕೆಯಾಯಿತು.

ಅದು ಮೂಳೆಯಲ್ಲ, ಮೀನಿನ ಕಿವಿಯೊಳಗಿನ ಕಲ್ಲು. ಮೀನಿಗೆ ಕೇಳಿಸಲು, ನೀರಿನಲ್ಲಿ ಸಮತೋಲ ಕಾಯ್ದುಕೊಳ್ಳಲು ಅದು ಬೇಕು. ಸುಣ್ಣದ ಅಂಶದಿಂದಾದ ಈ ಕಲ್ಲು ಮರದ ಉಂಗುರಗಳಂತೆ ಪದರ ಪದರವಾಗಿ ಬೆಳೆಯುತ್ತದೆ. ಒಂದೊಂದು ಬಗೆಯ ಮೀನಿಗೆ ಒಂದೊಂದು ಆಕಾರ.

ಮಂಗಳೂರಿನ ಕಡೆಯ ನಂಗು ಮೀನನ್ನೇ ನೋಡಿ. ಮರಿಯಾಗಿದ್ದಾಗ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣು. ಬೆಳೆಯುತ್ತಾ ಒಂದು ಕಣ್ಣು ಸರಿದು ಇನ್ನೊಂದರ ಪಕ್ಕ ಸೇರುತ್ತದೆ. ಮೀನು ಚಪ್ಪಟೆಯಾಗಿ ಕಡಲ ತಳದಲ್ಲಿ ಮಲಗುತ್ತದೆ. ಸತ್ತ ಮೇಲೆ ಅದರ ತೆಳು ಮೈ ಸಾಮಾನ್ಯವಾಗಿ ಉಳಿಯುವುದಿಲ್ಲ. ಎಳ್ಳಿನಷ್ಟು ಚಿಕ್ಕ ಕಿವಿಗಲ್ಲು ಕೆಸರಿನಲ್ಲಿ ಲಕ್ಷಾಂತರ ವರ್ಷ ಉಳಿಯಬಲ್ಲದು. ವಿಜ್ಞಾನಿಗಳು ಆ ಮಣ್ಣನ್ನು ಜರಡಿಯಲ್ಲಿ ತೊಳೆದು ಕಲ್ಲನ್ನು ಹೆಕ್ಕುತ್ತಾರೆ. ಅಂಚಿನ ಆಕಾರ, ಒಳಮೈಯ ಸಣ್ಣ ತೋಡು ಇವನ್ನು ಇಂದಿನ ಮೀನುಗಳ ಕಲ್ಲಿನೊಂದಿಗೆ ಹೋಲಿಸಿ ಹೆಸರು ಹೇಳುತ್ತಾರೆ. ಜರ್ಮನಿಯ ಅರ್ನ್ಸ್ಟ್ ಕೋಕೆನ್ 1884ರಲ್ಲೇ ಇಂಥ ಅಧ್ಯಯನ ಪ್ರಕಟಿಸಿದ್ದರು. ನಮ್ಮ ನೆರೆಯ ಕೇರಳದ ಕೊಲ್ಲಂ ಪ್ರದೇಶದಲ್ಲಿ ಸುಮಾರು 1.7 ಕೋಟಿ ವರ್ಷ ಹಿಂದಿನ ಮೀನುಗಳ ಕಿವಿಗಲ್ಲುಗಳು ಸಿಕ್ಕಿವೆ.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಮರಿ ಮೀನಿನ ಕಲ್ಲುಗಳು ಒಂದರಂತೆ ಒಂದು ಕಾಣುತ್ತವೆ. ಸವೆದ ಕಲ್ಲಿನ ಗುರುತು ಅಳಿಸಿರುತ್ತದೆ. ಆಗ ವಿಜ್ಞಾನಿಗಳು 'ಈ ಕುಟುಂಬದ ಚಪ್ಪಟೆ ಮೀನು' ಎಂದಷ್ಟೇ ಬರೆದು, ಪ್ರಭೇದದ ಹೆಸರನ್ನು ಖಾಲಿ ಬಿಡುತ್ತಾರೆ. ಅಷ್ಟು ಓದಿದವರೇ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ. ಒಂದು ಮಗುವಿನ ಮುಂದೆ ನನ್ನಿಂದ ಅದಾಗಲಿಲ್ಲ.

ರಾಜಘಟ್ಟದ ನೆಲದಲ್ಲಿ ಕಡಲ ಮೀನಿನ ಪಳೆಯುಳಿಕೆ ಇಲ್ಲ. ಆದರೆ 2001ರಲ್ಲಿ ಇಲ್ಲಿ ಉತ್ಖನನ ನಡೆದಾಗ, ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಸ್ತೂಪಗಳೇ ಇದು ಹಳೆಯ ಬೌದ್ಧ ನೆಲೆ ಎಂದು ಸಾರಿದವು. ಚಿಕ್ಕ ವಸ್ತುವನ್ನು ಬಿಸಾಡಬಾರದೆಂದು ಈ ಊರಿನವರಿಗೆ ಬೇರೆ ಹೇಳಬೇಕೇ?

ಮರುದಿನ ಆ ಹುಡುಗಿಯನ್ನು ಕರೆದು ಕಲ್ಲು ಕೇಳಿದೆ. ನಾನು ಹೇಳಿದಂತೆಯೇ ಬಿಸಾಡಿದ್ದಳು. ಆಮೇಲೆ ಅವಳು ಏನನ್ನೂ ತಂದು ತೋರಿಸಿಲ್ಲ.

ನಿಮ್ಮ ಮಗಳು ಒದ್ದೆ ಕೈಯಲ್ಲಿ ಏನಾದರೂ ಹಿಡಿದು ಅಡುಗೆಮನೆಗೆ ಬಂದರೆ, ಒಲೆಯ ಉರಿ ತಗ್ಗಿಸಿ ಒಂದು ನಿಮಿಷ ನೋಡಿ. "ನನಗೂ ಗೊತ್ತಿಲ್ಲ, ಸೇರಿ ಹುಡುಕೋಣ" ಎಂದರೆ ಸಾಕು.