ಬಹುಶಾಖೆಯ ವಿದ್ಯೆ, ಬಹುಜನದ ಸಭೆ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಆವರಣದಲ್ಲಿ ಒಂದು ದಿವಸ ನಡೆದಾಡಿದವನಿಗೆ ಒಂದು ಕಡೆಯಲ್ಲಿ ಹಣ್ಣುನೊಣಗಳ ಬಗೆಬಗೆಯ ತಳಿಗಳನ್ನು ಗಾಜಿನ ಸೀಸೆಗಳಲ್ಲಿ ಕಾಪಿಟ್ಟುಕೊಂಡು ಆನುವಂಶಿಕತೆಯ ನಿಯಮಗಳನ್ನು ಅರಸುತ್ತಿರುವ ಪ್ರಾಣಿವಿಜ್ಞಾನಿಗಳೂ, ಇನ್ನೊಂದು ಕಡೆಯಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಪರಿಶೀಲಿಸುತ್ತಿರುವವರೂ, ಮತ್ತೊಂದು ಕಡೆಯಲ್ಲಿ ಪ್ರಾಕೃತ ಗಾಥೆಗಳ ಪಾಠಾಂತರಗಳನ್ನು ಗುರುತಿಸುತ್ತಿರುವವರೂ, ಜಯಲಕ್ಷ್ಮೀವಿಲಾಸದ ಹಜಾರಗಳಲ್ಲಿ ಸೋಮನ ಮುಖವಾಡಗಳನ್ನೂ ತೊಗಲುಗೊಂಬೆಗಳನ್ನೂ ವರ್ಗೀಕರಿಸುತ್ತಿರುವವರೂ ಕಾಣಸಿಗುತ್ತಾರೆ. ಇವರೆಲ್ಲರೂ ಒಂದೇ ಸಂಸ್ಥೆಯ ಸಂಬಳವನ್ನು ಪಡೆಯುವವರು ಎಂಬುದರ ಹೊರತಾಗಿ ಇವರ ನಡುವೆ ಬೇರೆ ಸಂಬಂಧವುಂಟೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಅಲ್ಲಗಳೆಯಲಾಗದು. ವೈವಿಧ್ಯವೆಂಬುದು ತಾನೇ ತಾನಾಗಿ ಗುಣವಾಗಲಾರದು. ಪರಸ್ಪರ ಪರಿಚಯವಿಲ್ಲದ ವಿಷಯಗಳ ಗುಂಪಿಗೆ ವಿಶ್ವವಿದ್ಯಾನಿಲಯವೆಂಬ ಹೆಸರು ಸಲ್ಲಬೇಕಾದರೆ, ಆ ವಿಷಯಗಳು ಒಂದನ್ನೊಂದು ಸಂಧಿಸುವ ಸ್ಥಳವೊಂದು ಬೇಕು. ಆ ಸ್ಥಳವು ಸಾರ್ವಜನಿಕ ಸಭೆಯೇ ಎಂಬುದು ಈ ಲೇಖನದ ಅಭಿಪ್ರಾಯ.

1916ರ ಜುಲೈ ತಿಂಗಳಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಅವಿಶ್ರಾಂತ ಪ್ರಯತ್ನದ ಫಲವಾಗಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲನೆಯ ವಿಶ್ವವಿದ್ಯಾನಿಲಯವೆಂಬ ಗೌರವ ಅದಕ್ಕೆ ಸಂದಿತು. ಆದರೆ ಅದು ಬರಿಗೈಯಿಂದ ಹುಟ್ಟಿದ್ದಲ್ಲ. 1891ರಲ್ಲಿಯೇ ಆರಂಭವಾಗಿದ್ದ ಪ್ರಾಚ್ಯ ಪುಸ್ತಕಾಲಯದ ತಾಳೆಯೋಲೆಯ ಕಟ್ಟುಗಳು ಅದಕ್ಕೆ ಪಿತ್ರಾರ್ಜಿತವಾಗಿ ಬಂದವು. ಅದೇ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಗಳನ್ನು ಓದಿ, ಅದು ಶತಮಾನಗಳಿಂದ ಹೆಸರು ಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಲೋಕದ ಮುಂದಿಟ್ಟಾಗ, ಭಾರತೀಯರಿಗೆ ಪರಲೋಕಚಿಂತೆಯಲ್ಲದೆ ರಾಜ್ಯಚಿಂತೆಯಿರಲಿಲ್ಲವೆಂದು ಬಗೆದಿದ್ದ ವಿದ್ವಾಂಸರು ತಮ್ಮ ಮತವನ್ನು ತಿದ್ದಿಕೊಳ್ಳಬೇಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹೆಸರನ್ನೂ ಬಯಸದ ಪಂಡಿತರೊಬ್ಬರು ತಮ್ಮಲ್ಲಿದ್ದ ಅಮೂಲ್ಯವಾದ ಓಲೆಯನ್ನು ಸಾರ್ವಜನಿಕ ಸಂಸ್ಥೆಯೊಂದಕ್ಕೆ ನಂಬಿ ಕೊಟ್ಟರು. ಆ ನಂಬಿಕೆಯಿಲ್ಲದಿದ್ದರೆ ಶಾಮಶಾಸ್ತ್ರಿಗಳ ಪಾಂಡಿತ್ಯಕ್ಕೆ ಓದಲು ಓಲೆಯೇ ಇರುತ್ತಿರಲಿಲ್ಲ. ಸಂಶೋಧನೆಗೆ ಜನರ ವಿಶ್ವಾಸವು ಅದರ ಅಂತ್ಯದಲ್ಲಿ ದೊರೆಯುವ ಬಹುಮಾನವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅನೇಕ ವೇಳೆ ಅದು ಆರಂಭದಲ್ಲಿಯೇ ಬೇಕಾಗುವ ಮೂಲಧನವಾಗಿದೆ.

ಹೊಸ ವಿಶ್ವವಿದ್ಯಾನಿಲಯದ ಮೊದಲ ತಲೆಮಾರಿನ ಅಧ್ಯಾಪಕರಲ್ಲಿ ಈ ಅರಿವು ಎಷ್ಟು ಸಹಜವಾಗಿತ್ತೆಂಬುದಕ್ಕೆ ಬೆಳ್ಳಾವೆ ವೆಂಕಟನಾರಣಪ್ಪನವರ ಬದುಕೇ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರು, ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಮಾತು ವಿದ್ಯಾವಂತರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದ ಕಾಲದಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅವರೇ ಪಂಪಭಾರತವನ್ನು ಸಂಪಾದಿಸಿ ಕನ್ನಡ ಸಾಹಿತ್ಯ ಪರಿಷತ್ತಿನ ಮೂಲಕ ಬೆಳಕಿಗೆ ತಂದರು. ಉಷ್ಣಮಾಪಕವನ್ನು ಹಿಡಿದ ಕೈಯೇ ಹಳಗನ್ನಡದ ಪಾಠನಿರ್ಣಯವನ್ನೂ ಮಾಡಿತು. ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದುದೂ ಆ ವರ್ಷಗಳಲ್ಲಿಯೇ. ಮುಂದೆ ವಿಶ್ವವಿದ್ಯಾನಿಲಯವು ಆ ಪತ್ರಿಕೆಯನ್ನು ತನ್ನದಾಗಿಸಿಕೊಂಡು, ವಿಜ್ಞಾನಕ್ಕೂ ಮಾನವಿಕ ಶಾಸ್ತ್ರಗಳಿಗೂ ಬೇರೆ ಬೇರೆ ಪತ್ರಿಕೆಗಳನ್ನು ಅದರ ಜೊತೆಗೆ ಸೇರಿಸಿತು.

ಸಭೆಯು ಸಂಶೋಧನೆಗೆ ಅಲಂಕಾರವಲ್ಲ, ಅಂಗವೆಂಬುದನ್ನು ಮನಗಾಣಿಸುವ ದಿನಾಂಕವೊಂದು ನಮ್ಮ ನಾಡಿನ ಚರಿತ್ರೆಯಲ್ಲಿದೆ. 1928ರ ಮಾರ್ಚ್ 16ರಂದು, ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭದಲ್ಲಿ, ಸಿ. ವಿ. ರಾಮನ್ನರು ಚದುರಿದ ಬೆಳಕಿನಲ್ಲಿ ತಾವು ಕಂಡ ಹೊಸ ವಿಕಿರಣವನ್ನು ಕುರಿತು ಉಪನ್ಯಾಸ ಮಾಡಿದರು. ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಆ ಕಾರ್ಯವು ಕೈಗೂಡಿ ಮೂರು ವಾರಗಳೂ ತುಂಬಿರಲಿಲ್ಲ. ಮೂರು ವರ್ಷಗಳೊಳಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಆ ಶೋಧವನ್ನು ವಿವರವಾಗಿ ನಿರೂಪಿಸುವುದಕ್ಕೆ ರಾಮನ್ನರು ಆರಿಸಿಕೊಂಡದ್ದು ನಮ್ಮೂರಿನ ಕಾಲೇಜಿನ ಒಂದು ಸಭೆಯನ್ನು. ಅಂದು ಅಲ್ಲಿ ಕುಳಿತಿದ್ದ ವಿದ್ಯಾರ್ಥಿಗೆ ಲೋಕದ ವಿಜ್ಞಾನವು ದೂರದೇಶದಿಂದ ಹಡಗಿನಲ್ಲಿ ಬರುವ ಸರಕಾಗಿ ತೋರಿರಲಾರದು.

ಇನ್ನೊಂದು ಉದಾಹರಣೆಯನ್ನು ನಾನು ಕೊಂಚ ವಿಸ್ತಾರವಾಗಿಯೇ ಹೇಳಬಯಸುತ್ತೇನೆ. ಏಕೆಂದರೆ ಅದು ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸದಲ್ಲಿ ಅಪೂರ್ವವಾದುದು. ಲಂಡನ್ನಿನಲ್ಲಿ ಮನಃಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಆ ಶಾಸ್ತ್ರದ ಪ್ರಯೋಗಶಾಲೆಯನ್ನು ಕಟ್ಟಿದವರು. ಮನುಷ್ಯನ ಮನಸ್ಸಿನ ವ್ಯಾಪಾರವನ್ನು ಅಳೆಯುವುದು ಅವರ ವೃತ್ತಿ. ಆದರೆ 1935ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮನೆಯಾದ ವಿಠಲವಿಹಾರದಲ್ಲಿಯೇ ಸ್ವಂತ ಉತ್ಸಾಹದಿಂದ ಬಾನುಲಿ ಪ್ರಸಾರಕೇಂದ್ರವೊಂದನ್ನು ಸ್ಥಾಪಿಸಿ, ಸಂಗೀತವನ್ನೂ ಭಾಷಣಗಳನ್ನೂ ಮೈಸೂರಿನ ಆಕಾಶದಲ್ಲಿ ಹರಿಯಬಿಟ್ಟರು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ಯೆಂಬ ಹೆಸರು ಕಾಲಾನಂತರದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು, ಕೇಂದ್ರವನ್ನು ಕೆಲವು ವರ್ಷಗಳ ಬಳಿಕ ಸಂಸ್ಥಾನದ ಸರ್ಕಾರವು ವಹಿಸಿಕೊಂಡಿತು. ಮನಃಶಾಸ್ತ್ರದ ಪ್ರಾಧ್ಯಾಪಕನಿಗೆ ಪ್ರೇಷಕಯಂತ್ರದ ಗೊಡವೆಯೇಕೆ ಎಂದು ಅಂದು ಯಾವ ಅಧಿಕಾರಿಯೂ ಅವರ ಉತ್ಸಾಹಕ್ಕೆ ಅಡ್ಡಿಯಾಗಲಿಲ್ಲವೆಂಬುದು ನನಗೆ ಆ ಯಂತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಜ್ಞಾನದ ಶಾಖೆಗಳ ನಡುವಣ ಬೇಲಿಯನ್ನು ದಾಟುವವರಿಗೆ ದಾಟಲು ಬಿಡುವ ಔದಾರ್ಯವೇ ವಿಶ್ವವಿದ್ಯಾನಿಲಯದ ಮೊದಲನೆಯ ಲಕ್ಷಣ.

1930ರ ದಶಕದಲ್ಲಿ ರೂಪುಗೊಂಡ ಪ್ರಚಾರೋಪನ್ಯಾಸಗಳ ಯೋಜನೆಯೂ ಇದೇ ಮನೋಧರ್ಮದ ಫಲ. ಅಧ್ಯಾಪಕರು ರಜೆಯಲ್ಲಿಯೂ ವಾರಾಂತ್ಯದಲ್ಲಿಯೂ ತಾಲ್ಲೂಕು ಕೇಂದ್ರಗಳಿಗೂ ಹಳ್ಳಿಗಳಿಗೂ ತೆರಳಿ, ಖಗೋಳ, ಆರೋಗ್ಯ, ಇತಿಹಾಸ, ಸಹಕಾರ, ಕಾವ್ಯ ಮೊದಲಾದ ವಿಷಯಗಳನ್ನು ಅಲ್ಲಿನ ಜನರಿಗೆ ತಿಳಿಗನ್ನಡದಲ್ಲಿ ನಿರೂಪಿಸುತ್ತಿದ್ದರು. ಅನಂತರ ಆ ಉಪನ್ಯಾಸಗಳು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗುತ್ತಿದ್ದವು. ಪ್ರಸಾರಾಂಗವೆಂಬ ವಿಭಾಗವು ಈ ಕಾರ್ಯದಿಂದಲೇ ಮೈದುಂಬಿಕೊಂಡಿತು. ಊರಿನ ಶಾಲೆಯ ಜಗಲಿಯಲ್ಲಿ ಲಾಟೀನಿನ ಬೆಳಕಿನಲ್ಲಿ ನಡೆದ ಇಂತಹ ಸಭೆಗಳಿಂದ ಹಳ್ಳಿಗರಿಗೆ ಆದ ಉಪಕಾರವನ್ನು ನಾವು ಆಗಾಗ್ಗೆ ಹೊಗಳುತ್ತೇವೆ; ಉಪನ್ಯಾಸಕನಿಗೆ ಆದ ಉಪಕಾರವನ್ನು ಯಾರೂ ನೆನೆಯುವುದಿಲ್ಲ. ತನ್ನ ಶಾಸ್ತ್ರದ ಪರಿಭಾಷೆಯನ್ನು ಆಸರೆಯಾಗಿ ಹಿಡಿದು ನಿಂತವನಿಗೆ ಆ ಆಸರೆಯನ್ನು ತೆಗೆದುಬಿಟ್ಟಾಗ ಮಾತ್ರ, ತಾನು ಆ ವಿಷಯವನ್ನು ಅರಿತಿರುವೆನೋ ಅಥವಾ ಅದರ ಶಬ್ದಗಳನ್ನು ಮಾತ್ರ ಕಲಿತಿರುವೆನೋ ಎಂಬುದು ಗೋಚರವಾಗುತ್ತದೆ. ಪರೀಕ್ಷಕರ ಸಮಿತಿಯ ಮುಂದೆ ಮರೆಮಾಚಬಹುದಾದ ಅಸ್ಪಷ್ಟತೆಯನ್ನು, ನಿಮ್ಮ ಈ ಸಂಗತಿ ನಮ್ಮ ಹೊಲಕ್ಕೆ ಹೇಗೆ ಅನ್ವಯಿಸೀತೆಂದು ಸರಳವಾಗಿ ಕೇಳುವ ರೈತನ ಮುಂದೆ ಮರೆಮಾಚುವುದು ದುಸ್ಸಾಧ್ಯ.

ಪ್ರವಾಹವು ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲವೆಂಬುದೂ ಸ್ಮರಣೀಯ. 1936ರಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಗುರುತಿಸಿದಾಗ, ಕನ್ನಡದ ಲಿಖಿತ ಚರಿತ್ರೆಯು ಹಿಂದಕ್ಕೆ, ಐದನೆಯ ಶತಮಾನಕ್ಕೆ ಸರಿಯಿತು. ಆ ಕಲ್ಲು ಇದ್ದದ್ದು ಹಳ್ಳಿಯಲ್ಲಿ. ಮುಂದೆ ಕನ್ನಡ ಅಧ್ಯಯನ ಸಂಸ್ಥೆಯ ಆಶ್ರಯದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದಾಗ, ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರು ಊರೂರು ಅಲೆದು ತಂದ ನೇಗಿಲು, ಕೊಳಗ, ಗೊಂಬೆ, ಗೆಜ್ಜೆಗಳು ಅರಸುಮನೆತನದ ಜಯಲಕ್ಷ್ಮೀವಿಲಾಸವನ್ನು ಹೊಕ್ಕು ನಿಂತವು. ತೊಗಲುಗೊಂಬೆಯ ಆಟಗಾರನು ಆ ಆವರಣಕ್ಕೆ ಬಂದು ಆಡಿದರೆ ಅದನ್ನು ಮನರಂಜನೆಯ ಕಾರ್ಯಕ್ರಮವೆನ್ನಬೇಕೋ, ಸಂಶೋಧನೆಯೆನ್ನಬೇಕೋ? ಎರಡೂ ಅಹುದು. ವಿದ್ವಾಂಸನು ಅಲ್ಲಿ ಶ್ರೋತೃವಾಗುತ್ತಾನೆ, ಅನಕ್ಷರಸ್ಥನಾದ ಕಲಾವಿದನು ಉಪನ್ಯಾಸಕನಾಗುತ್ತಾನೆ.

ಇಂದಿನ ಸ್ಥಿತಿಗೆ ಬಂದರೆ, ಕಾರ್ಯಕ್ರಮಗಳಿಗೆ ಕೊರತೆಯಿದೆಯೆಂದು ಯಾರೂ ದೂರುವಂತಿಲ್ಲ. ವಿಚಾರಸಂಕಿರಣ, ಕಾರ್ಯಾಗಾರ, ದತ್ತಿ ಉಪನ್ಯಾಸ, ಜಯಂತಿ, ದಿನಾಚರಣೆಗಳಿಂದ ವರ್ಷದ ಪಂಚಾಂಗವು ತುಂಬಿರುತ್ತದೆ. 2016ರ ಜನವರಿಯಲ್ಲಿ ಶತಮಾನೋತ್ಸವದ ವರ್ಷದಲ್ಲಿ ಮಾನಸಗಂಗೋತ್ರಿಯಲ್ಲಿಯೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೆಯ ಅಧಿವೇಶನವು ನಡೆದದ್ದು ಎಲ್ಲರಿಗೂ ನೆನಪಿದೆ. ನನ್ನ ಆತಂಕವಿರುವುದು ಸಂಖ್ಯೆಯ ವಿಷಯದಲ್ಲಲ್ಲ. 2010ರ ನಿಯಮಾವಳಿಗಳ ಮೂಲಕ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೂ ಪ್ರಬಂಧಗಳ, ಸಂಕಿರಣಗಳ ಅಂಕಗಳಿಗೂ ಗಂಟು ಹಾಕಿದ ಮೇಲೆ, ನಾಡಿನ ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿಯೂ ಸಭೆಯ ಸ್ವರೂಪವೇ ಮಾರ್ಪಟ್ಟಿತು. ಪ್ರಮಾಣಪತ್ರಕ್ಕಾಗಿ ಪ್ರಬಂಧ, ಪ್ರಬಂಧಕ್ಕಾಗಿ ಸಂಕಿರಣ, ಸಂಕಿರಣದ ಸಭಾಂಗಣವನ್ನು ತುಂಬುವುದಕ್ಕಾಗಿ ತರಗತಿ ಬಿಡಿಸಿ ಕೂರಿಸಿದ ವಿದ್ಯಾರ್ಥಿಗಳು. ಉದ್ಘಾಟನೆಯ ಭಾಷಣಗಳು ಮಧ್ಯಾಹ್ನದವರೆಗೆ ಬೆಳೆದು, ದೂರದ ಊರಿನಿಂದ ಬಂದ ಯುವ ಸಂಶೋಧಕಿಗೆ ತನ್ನ ನಾಲ್ಕು ವರ್ಷಗಳ ದುಡಿಮೆಯನ್ನು ಹೇಳಲು ಐದು ನಿಮಿಷ ದೊರೆಯುವ ದೃಶ್ಯವನ್ನು ಕಂಡಾಗಲೆಲ್ಲ ಮನಸ್ಸಿಗೆ ವ್ಯಥೆಯಾಗುತ್ತದೆ. ಅಂತಹ ಸಭೆಯಲ್ಲಿ ರೇಷ್ಮೆಯ ವಿಜ್ಞಾನಿಯೂ ರೇಷ್ಮೆ ಬೆಳೆಗಾರನೂ ಸಂಧಿಸುವುದಿಲ್ಲ, ಭೌತವಿಜ್ಞಾನಿಗೆ ಪಕ್ಕದ ಕಟ್ಟಡದ ಶಾಸನತಜ್ಞನ ಪರಿಚಯವೂ ಆಗುವುದಿಲ್ಲ.

ಸಂಶೋಧನೆಯು ಇಂದು ಅತಿಸೂಕ್ಷ್ಮವಾದ ವಿಶೇಷಜ್ಞತೆಯ ಕಾರ್ಯವಾಗಿರುವುದರಿಂದ ಜನಸಾಮಾನ್ಯರಿಗೆ ಅದನ್ನು ತಿಳಿಸಹೊರಡುವುದು ಕಾಲಹರಣವೆಂದು ವಾದಿಸುವವರುಂಟು. ವಿಧಾನವು ಸೂಕ್ಷ್ಮವಾಗಿರಬಹುದು, ಅದನ್ನು ಹುಟ್ಟಿಸಿದ ಪ್ರಶ್ನೆಯು ಬಹುತೇಕ ಯಾರಿಗಾದರೂ ಅರ್ಥವಾಗತಕ್ಕದ್ದು. ಎಸ್. ಚಂದ್ರಶೇಖರ್ ಅವರು 1961ರಿಂದ ಒಂದು ದಶಕದ ಕಾಲ ಮೈಸೂರಿನ ಭೌತಶಾಸ್ತ್ರ ವಿಭಾಗದಲ್ಲಿ ದ್ರವಸ್ಫಟಿಕಗಳ ಅಧ್ಯಯನವನ್ನು ನೆಲೆಗೊಳಿಸಿದಾಗ ಅದರ ಗಣಿತವು ಕೆಲವರಿಗೇ ಎಟುಕುತ್ತಿದ್ದಿರಬಹುದು. ದ್ರವದಂತೆ ಹರಿಯುವ ವಸ್ತುವೊಂದು ಹರಳಿನಂತೆ ಶಿಸ್ತಾಗಿರುವುದು ಹೇಗೆಂಬ ಕುತೂಹಲವಾದರೋ ಪ್ರೌಢಶಾಲೆಯ ಬಾಲಕನಿಗೂ ಆಗತಕ್ಕದ್ದೇ. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು, ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿದ್ದ ಜಿ. ಟಿ. ನಾರಾಯಣರಾಯರು ಜೀವಮಾನವೆಲ್ಲ ಈ ವಾದಕ್ಕೆ ಪ್ರತ್ಯುತ್ತರವಾಗಿ ಬರೆದರು. 1969ರಲ್ಲಿ ಮೊದಲ ಸಂಪುಟವನ್ನು ಕಂಡ ಆ ವಿಶ್ವಕೋಶವು ಬಹು ದೀರ್ಘಕಾಲದ ಪರಿಶ್ರಮದಿಂದ ಹದಿನಾಲ್ಕು ಸಂಪುಟಗಳನ್ನು ಪೂರೈಸಿದ್ದು, ಬೇರೆ ಬೇರೆ ವಿಭಾಗಗಳವರು ಒಂದೇ ಓದುಗನನ್ನು ಕಣ್ಣಮುಂದಿಟ್ಟುಕೊಂಡು ಬರೆದುದರಿಂದ.

ಮಾಡಬೇಕಾದುದು ಅಸಾಧ್ಯವಾದುದೇನೂ ಅಲ್ಲ. ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸುವ ಪ್ರತಿಯೊಬ್ಬ ಸಂಶೋಧಕನೂ ತನ್ನ ಜಿಲ್ಲೆಯ ಯಾವುದಾದರೊಂದು ಊರಿನಲ್ಲಿ, ಕನ್ನಡದಲ್ಲಿ, ಒಂದು ಗಂಟೆ ಮಾತನಾಡಿ, ಇನ್ನೊಂದು ಗಂಟೆ ಪ್ರಶ್ನೆಗಳಿಗೆ ಉತ್ತರಿಸಲಿ. ಅದನ್ನು ಪದವಿಯ ನಿಬಂಧನೆಯಾಗಿಯೇ ಸೇರಿಸಲಿ. ಕನ್ನಡ ಬಾರದ ಸಂಶೋಧಕನ ಜೊತೆಗೆ ಸಹಪಾಠಿಯೊಬ್ಬನು ಹೋಗಿ ಅನುವಾದಿಸಲಿ. ಅನುವಾದಕನಿಗೂ ಅದು ವಿದ್ಯೆಯೇ. ಆ ಉಪನ್ಯಾಸಗಳಲ್ಲಿ ಉತ್ತಮವಾದವುಗಳನ್ನು ಪ್ರಸಾರಾಂಗವು ಹಿಂದಿನಂತೆ ಕಿರುಹೊತ್ತಗೆಗಳಾಗಿ ಅಚ್ಚು ಹಾಕಲಿ. ವಿದ್ಯಾರ್ಥಿಗಳ ಸಂಖ್ಯೆ ಕಡಮೆಯೆಂಬ ಒಂದೇ ಕಾರಣದಿಂದ ಪ್ರಾಕೃತ, ಸಂಸ್ಕೃತ, ದರ್ಶನಗಳಂತಹ ವಿಭಾಗಗಳ ತೆರವಾದ ಹುದ್ದೆಗಳನ್ನು ತುಂಬದೆ ಒಣಗಲು ಬಿಡುವ ಪದ್ಧತಿಯನ್ನು ಸರ್ಕಾರವು ಕೈಬಿಡಲಿ. ಶಾಮಶಾಸ್ತ್ರಿಗಳಿಗೆ ಗ್ರಂಥಲಿಪಿಯನ್ನು ಓದಲು ಬರುತ್ತಿದ್ದುದರಿಂದಲೇ ಅರ್ಥಶಾಸ್ತ್ರವು ದೊರೆಯಿತು, ಈಗ ಪ್ರಾಚ್ಯ ವಿದ್ಯಾ ಸಂಶೋಧನಾಲಯವೆನಿಸಿರುವ ಆ ಪುಸ್ತಕಾಲಯದ ಕಪಾಟುಗಳಲ್ಲಿ ಓದುಗರಿಗಾಗಿ ಕಾದಿರುವ ಓಲೆಗಳು ಇನ್ನೂ ಇವೆ. ಮುಂದಿನ ಶೈಕ್ಷಣಿಕ ವರ್ಷದ ಆಯವ್ಯಯದಲ್ಲಿ ಈ ಉಪನ್ಯಾಸಗಳ ಪ್ರಯಾಣಕ್ಕೂ ಮುದ್ರಣಕ್ಕೂ ಒಂದು ಮೊತ್ತವನ್ನು ತೆಗೆದಿರಿಸುವುದಾದರೆ, ಮೊದಲನೆಯ ತಂಡವು ದಸರೆಯ ರಜೆಯಲ್ಲಿಯೇ ಹೊರಡಬಹುದು.