ಮೋಟಾರು ಗಾಡಿಯ ಗಾಳಿಶೋಧಕ

ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದಕ್ಕೆ ತುಸು ವಿಸ್ತಾರವಾಗಿಯೇ ಉತ್ತರವೀಯಬೇಕೆಂದು ತೋರಿತು. ಪತ್ರ ಬರೆದ ಗೃಹಸ್ಥರ ಕಾರಿನ ಏರ್ ಫಿಲ್ಟರನ್ನು ಬದಲಾಯಿಸಬೇಕಾಗಿದೆ. ಕಾರಿನ ಕಂಪೆನಿಯ ಹೆಸರಿರುವ ಡಬ್ಬಿಯನ್ನೇ ಕೊಳ್ಳಬೇಕೆ, ಪೇಟೆಯಲ್ಲಿ ದೊರೆಯುವ ಬೇರೆಯವರ ತಯಾರಿಕೆಯಾದರೂ ಸಲ್ಲುವುದೆ, ಎಣ್ಣೆ ಸವರಿದ ಹತ್ತಿಯ ಶೋಧಕದಿಂದ ಎಂಜಿನಿಗೆ ಬಲ ಹೆಚ್ಚುವುದೆಂದು ಅಂಗಡಿಯವರು ಹೇಳುವ ಮಾತು ದಿಟವೆ ಎಂದು ಕೇಳಿರುವರು. ಮೋಟಾರಿನ ಮಾತಿಗೆ ಮನೆವಾರ್ತೆಯ ಈ ಪುಟದಲ್ಲೇನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ತಿಂಗಳ ಖರ್ಚಿನ ಪಟ್ಟಿಯಲ್ಲಿ ಅಕ್ಕಿ ಬೇಳೆಗಳ ಪಕ್ಕದಲ್ಲಿಯೇ ಗಾಡಿಯ ಕಂತೂ ಬಂದು ಕುಳಿತಿರುವ ಕಾಲದಲ್ಲಿ ಈ ಆಕ್ಷೇಪಣೆಯು ನಿಲ್ಲಲಾರದು.

ಎಂಜಿನು ಪೆಟ್ರೋಲನ್ನು ಕುಡಿಯುವುದೆಂದು ಎಲ್ಲರೂ ಬಲ್ಲರು. ಅದು ಗಾಳಿಯನ್ನು ಎಷ್ಟು ಕುಡಿಯುವುದೆಂಬುದನ್ನು ಬಲ್ಲವರು ಕಡಮೆ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮು. ಅದಕ್ಕೆ ಸುಮಾರು 11 ಕಿಲೋಗ್ರಾಮು, ಎಂದರೆ ಹತ್ತಿರ ಹತ್ತಿರ 9,000 ಲೀಟರು ಗಾಳಿ! ಈ ಗಾಳಿಯೊಡನೆ ನಮ್ಮ ಬೀದಿಯ ಧೂಳೂ ಬರುವುದಷ್ಟೆ. ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುವುವು. ಗಡಸುತನದ ಮೋಹ್ಸ್ ಮಾನದಲ್ಲಿ ಅದರ ಅಂಕ 7. ಚಾಕುವಿನ ಉಕ್ಕನ್ನೂ ಗೀರಬಲ್ಲ ವಸ್ತುವದು. ಪಿಸ್ಟನ್ನಿನ ಉಂಗುರಗಳಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪೊರೆಯ ದಪ್ಪವಾದರೋ ಕೆಲವೇ ಮೈಕ್ರಾನುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಅಲ್ಲಿ ಸೇರಿದರೆ ಅರದಂತೆ ಉಜ್ಜುತ್ತ ಹೋಗುವುದು.

ಈ ವಿಷಯದಲ್ಲಿ ನಾವು ಬುದ್ಧಿ ಕಲಿತದ್ದು ಹಣ ತೆತ್ತ ಮೇಲೆಯೇ ಎಂಬುದನ್ನು ಮರೆಮಾಚುವುದಿಲ್ಲ. 2009ರಲ್ಲಿ ನಮಗೆ ಹೊಸಪೇಟೆಯಿಂದ ಸಂಡೂರಿಗೆ ಮೇಲಿಂದ ಮೇಲೆ ಹೋಗಿಬರುವ ಕೆಲಸವಿದ್ದಿತು. ಅದುರಿನ ಲಾರಿಗಳು ಸಾಲುಗಟ್ಟಿ ಹರಿಯುತ್ತಿದ್ದ ಕಾಲವದು. ದಾರಿಯ ಬದಿಯ ಮರಗಳ ಎಲೆಯೂ ಕೆಂಪಾಗಿದ್ದಿತು. ಅಗ್ಗಕ್ಕೆ ಸಿಕ್ಕಿತೆಂದು ಒಂದು ಫಿಲ್ಟರನ್ನು ಕೊಂಡೆವು. ಅದು ಅಳತೆಯಲ್ಲಿ ಒಂದು ನೂಲು ಗಿಡ್ಡವಾಗಿದ್ದರೂ, ಅದುಮಿ ಮುಚ್ಚಳ ಹಾಕಿದರೆ ಕುಳಿತುಕೊಳ್ಳುವುದೆಂದು ಅಂಗಡಿಯ ಹುಡುಗನು ಧೈರ್ಯ ಹೇಳಿದನು, ನಾವೂ ನಂಬಿದೆವು. ಎಂಟು ತಿಂಗಳಲ್ಲಿ ಎಂಜಿನ್ ಎಣ್ಣೆಯ ಮಟ್ಟವು ಇಳಿಯತೊಡಗಿತು. ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಾಣಿಸಿತು. ಕಡೆಗೆ ಕಮ್ಮಟದಲ್ಲಿ ಗಾಳಿಯ ಕೊಳವೆಯನ್ನು ಬಿಚ್ಚಿದಾಗ, ಶೋಧಕದ ಆಚೆಗೆ, ಎಂದರೆ ಶುದ್ಧವಾಗಿರತಕ್ಕ ಕಡೆಯಲ್ಲಿ, ಕುಂಕುಮ ಚೆಲ್ಲಿದಂತೆ ಕೆಂಧೂಳು ಕೂತಿದ್ದಿತು. ಉಳಿಸಿದ್ದು ನೂರೈವತ್ತು ರೂಪಾಯಿ. ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣವೆಲ್ಲವೂ ಉಂಗುರಗಳಿಗೂ ಸಿಲಿಂಡರಿಗೂ ಹೋಯಿತು. ಆ ಕಾಗದವು ಒಳ್ಳೆಯದೇ ಆಗಿದ್ದಿತೋ ಏನೋ. ಅದರ ಅಂಚಿನಲ್ಲಿದ್ದ ಸಂದು ಎಲ್ಲವನ್ನೂ ಕೆಡಿಸಿತು.

ಆದುದರಿಂದ ಪೇಟೆಯ ತಯಾರಿಕೆಯನ್ನು ಕೊಳ್ಳಲೇಬಾರದೆಂದು ನಾವು ಹೇಳುವುದಿಲ್ಲ. ಕಾರು ಮಾಡುವವರು ಸಾಮಾನ್ಯವಾಗಿ ಫಿಲ್ಟರುಗಳನ್ನು ತಾವೇ ಮಾಡುವುದಿಲ್ಲ. ಅದನ್ನೇ ಕಸುಬಾಗಿ ಉಳ್ಳ ಬಾಷ್, ಮಾಲೆ, ಮಾನ್ ಮೊದಲಾದವರು ತಮ್ಮ ಹೆಸರಿನಲ್ಲಿಯೂ ಮಾರುವುದುಂಟು. ಹೆಸರಿಗಿಂತ ಮೊದಲು ನೋಡತಕ್ಕುದು ಅಳತೆಯನ್ನು. ಹಳೆಯ ಫಿಲ್ಟರನ್ನು ಜೊತೆಯಲ್ಲಿ ಒಯ್ದು ಹೊಸದರ ಮಗ್ಗುಲಲ್ಲಿಟ್ಟು ಉದ್ದ, ಅಗಲ, ಎತ್ತರ ಮೂರನ್ನೂ ಹೋಲಿಸಬೇಕು. ಸುತ್ತಲಿನ ರಬ್ಬರಿನಂತಹ ಅಂಚನ್ನು ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಕಲ್ಲಿನಂತಿರುವುದನ್ನೂ ಮೂಲೆಯಲ್ಲಿ ಬಿರಿದಿರುವುದನ್ನೂ ಅಂಗಡಿಯಲ್ಲಿಯೇ ಬಿಟ್ಟುಬರಬೇಕು. ಕಾಗದದ ಮಡಿಕೆಗಳು ಹೊಸ ಸೀರೆಯ ನಿರಿಗೆಯಂತೆ ಸಮನಾಗಿರಲಿ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತೂ ಕಾಣಬಾರದು. ಐಎಸ್‌ಒ 5011 ಎಂಬ ಪರೀಕ್ಷೆಯ ಫಲವನ್ನು ತಯಾರಕರು ಪ್ರಕಟಿಸಿದ್ದರೆ ಅದೊಂದು ಒಳ್ಳೆಯ ಗುರುತು.

ಇನ್ನು ಎಣ್ಣೆಯ ಹತ್ತಿಯ ಮಾತು. ಇದು ತೊಳೆದು ಮತ್ತೆ ಬಳಸಬಹುದಾದುದು. ಗಾಳಿಯನ್ನು ಸರಾಗವಾಗಿ ಬಿಡುವುದೂ ನಿಜವೇ. ಆದರೆ ಊರೊಳಗೆ ಸಾಧಾರಣ ವೇಗದಲ್ಲಿ ಹೋಗುವಾಗ ಪೆಟ್ರೋಲು ಗಾಡಿಯ ಗಾಳಿಯನ್ನು ತಡೆಯುವುದು ಮುಖ್ಯವಾಗಿ ಥ್ರಾಟಲಿನ ಕದವೇ ಹೊರತು ಶೋಧಕವಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆಯವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಂಪ್ಯೂಟರಿನ ಹಿಡಿತದಲ್ಲಿರುವ ಈಗಿನ ಬಗೆಯ ಪೆಟ್ರೋಲು ಎಂಜಿನುಗಳಿಗೆ ಕಟ್ಟಿಕೊಂಡ ಫಿಲ್ಟರನ್ನು ತೆಗೆದು ಹೊಸದನ್ನು ಹಾಕಿದಾಗಲೂ ಮೈಲೇಜು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ವೇಗವೇರುವ ಚುರುಕು ಮಾತ್ರ ಮರಳಿತು. ಹೀಗಿರಲು ಚೊಕ್ಕಟವಾದ ಕಾಗದವನ್ನು ತೆಗೆದು ಹತ್ತಿಯನ್ನು ಹಾಕಿದ ಮಾತ್ರಕ್ಕೆ ಪೆಟ್ರೋಲು ಉಳಿಯುವುದೆಂದು ಹೇಗೆ ನಂಬುವುದು? ಮೇಲಾಗಿ ತೊಳೆದ ಮೇಲೆ ಎಣ್ಣೆ ಹೆಚ್ಚಾದರೆ, ಗಾಳಿಯನ್ನು ಅಳೆಯುವ ಸೆನ್ಸರಿನ ಕಾದ ತಂತಿಗೆ ಅದು ಅಂಟಿ ಲೆಕ್ಕ ತಪ್ಪಿಸಬಹುದು; ಕಡಮೆಯಾದರೆ ಧೂಳು ನುಸುಳುವುದು. ಪಂದ್ಯದ ಗಾಡಿಯವರು ಏನಾದರೂ ಮಾಡಿಕೊಳ್ಳಲಿ. ಧೂಳಿನ ಊರಿನ ಸಂಸಾರಿಗೆ ಕೆಲವು ನೂರು ರೂಪಾಯಿಯ ಕಾಗದವೇ ಲೇಸೆಂದು ನಮ್ಮ ಅಭಿಪ್ರಾಯ.

ಶುಚಿತ್ವದಲ್ಲಿ ಆಸಕ್ತರಾದವರಿಗೆ ಹಿಡಿಸದ ಸಂಗತಿಯೊಂದುಂಟು. ಕಾಗದದ ಶೋಧಕವು ಹೊಸದಾಗಿದ್ದಾಗಿಗಿಂತ ಸ್ವಲ್ಪ ಧೂಳು ಹಿಡಿದ ಮೇಲೆಯೇ ಹೆಚ್ಚು ಚೆನ್ನಾಗಿ ಸೋಸುವುದು. ಹಿಡಿದ ಧೂಳೇ ಒಂದು ಪದರವಾಗಿ ಸಣ್ಣ ಕಣಗಳನ್ನು ತಡೆಯುತ್ತದೆ. ವಾರವಾರವೂ ತೆಗೆದು ಒದರುವವರೂ, ಪೆಟ್ರೋಲು ಬಂಕಿನ ಒತ್ತಡದ ಗಾಳಿಯನ್ನು ಹೊಡೆಸುವವರೂ ಕಾಗದವನ್ನು ಹರಿದುಕೊಳ್ಳುವರಲ್ಲದೆ ಬೇರೆ ಲಾಭವನ್ನು ಕಾಣರು. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರಿಗೆ ಬದಲಾಯಿಸಿದರಾಯಿತು; ಮಣ್ಣು ದಾರಿಯ ಓಡಾಟವೇ ಹೆಚ್ಚಾಗಿದ್ದರೆ ಅದಕ್ಕೂ ಮುಂಚೆ.

ಹೊಸದನ್ನು ಹಾಕಿಸುವಾಗ ಪತ್ರ ಬರೆದವರು ತಾವೇ ಪಕ್ಕದಲ್ಲಿ ನಿಂತು, ಪೆಟ್ಟಿಗೆಯ ಒಳಗನ್ನು ಒರಸಿಸಿ, ಕ್ಲಿಪ್ಪುಗಳೆಲ್ಲವೂ ಬಿದ್ದುವೇ ಎಂದು ನೋಡಲಿ. ಒಂದೆರಡು ವಾರ ಓಡಿಸಿದ ಮೇಲೆ ಎಂಜಿನನ್ನು ನಿಲ್ಲಿಸಿ, ಮುಚ್ಚಳವನ್ನು ತೆಗೆದು, ಶೋಧಕದ ಆಚೆಯ ಕೊಳವೆಯ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರಸಲಿ. ಬಟ್ಟೆಗೆ ಧೂಳು ಹತ್ತಿದರೆ ಅದೇ ದಿನ ಫಿಲ್ಟರನ್ನು ಹಿಂದಕ್ಕೆ ಕೊಡತಕ್ಕುದು. ಅವರು ಪತ್ರದ ಅಂಚಿನಲ್ಲಿ ಕೇಳಿರುವ ಏಸಿಯ ಫಿಲ್ಟರು ಬೇರೆ. ಅದು ಬಹುಮಟ್ಟಿಗೆ ಗ್ಲೋವ್ ಬಾಕ್ಸಿನ ಹಿಂದೆ ಇರುವುದು, ಎಂಜಿನಿಗೂ ಅದಕ್ಕೂ ಸಂಬಂಧವಿಲ್ಲ.